ಗಾಲಿಯೊಳಗಿನ ಕಾವಲುಗಾರನಿಗೂ ವಯಸ್ಸಾಗುತ್ತದೆ

2010ರ ಡಿಸೆಂಬರಿನಲ್ಲಿ ಅಮೆರಿಕ ಮತ್ತು ಜಪಾನ್‌ಗಳಲ್ಲಿ ನಿಸಾನ್ ಲೀಫ್ ಎಂಬ ಕಾರು ಮಾರಾಟಕ್ಕೆ ಬಂತು. ಸಾಮಾನ್ಯ ಕುಟುಂಬಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ವಿದ್ಯುತ್ ಕಾರುಗಳಲ್ಲಿ ಅದೂ ಒಂದು. ಅದರ ನೆಲದಡಿಯಲ್ಲಿದ್ದ 24 ಕಿಲೋವಾಟ್-ಗಂಟೆಯ ಬ್ಯಾಟರಿ ಎಷ್ಟು ವರ್ಷ ಬಾಳೀತು ಎಂಬ ಬಗ್ಗೆ ಆಗ ಬಹಳ ಚರ್ಚೆ ನಡೆಯಿತು. ಆದರೆ ಅಮೆರಿಕದಲ್ಲಿ ಮಾರಾಟವಾದ ಅದೇ ಕಾರಿನಲ್ಲಿ ಇನ್ನೂ ನಾಲ್ಕು ಪುಟ್ಟ ಬ್ಯಾಟರಿಗಳಿದ್ದವು. ನಾಣ್ಯದಷ್ಟೇ ದೊಡ್ಡದಾದ ಅವು ನಾಲ್ಕು ಗಾಲಿಗಳ ಒಳಗೆ ಅಡಗಿದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ. ಟೈರಿನ ಗಾಳಿಯ ಒತ್ತಡವನ್ನು ಅಳೆದು ಚಾಲಕನಿಗೆ ತಿಳಿಸುವ ಸಂವೇದಕಗಳಿಗೆ ಶಕ್ತಿ ಒದಗಿಸುವುದು ಅವುಗಳ ಕೆಲಸ.

ಎಂಟು ಹತ್ತು ವರ್ಷಗಳ ಬಳಿಕ ಇಂಥ ಕಾರುಗಳ ಮುಂಫಲಕದಲ್ಲಿ ಹಳದಿ ದೀಪವೊಂದು ಮಿಟುಕತೊಡಗುತ್ತದೆ. ಕುದುರೆ ಲಾಳದ ಆಕಾರ, ಅದರೊಳಗೊಂದು ಉದ್ಗಾರ ಚಿಹ್ನೆ. ಕಾರು ಹೊರಟಾಗ ಸುಮಾರು ಒಂದು ನಿಮಿಷ ಮಿಟುಕಿ, ಆಮೇಲೆ ಸ್ಥಿರವಾಗಿ ಉರಿಯುತ್ತದೆ. ಗಾಳಿ ತುಂಬಿಸಿದರೂ ಅದು ಆರುವುದಿಲ್ಲ. ಏಕೆಂದರೆ ದೀಪ ಹೇಳುತ್ತಿರುವುದು 'ಗಾಳಿ ಕಡಿಮೆಯಾಗಿದೆ' ಎಂದಲ್ಲ, 'ಗಾಳಿ ಎಷ್ಟಿದೆಯೋ ನನಗೆ ತಿಳಿಯುತ್ತಿಲ್ಲ' ಎಂದು! ಗೋಡೆಯ ಗಡಿಯಾರದ ಸೆಲ್ ಬದಲಾಯಿಸಿದ ಹಾಗೆ ಇದರ ಸೆಲ್ಲನ್ನೂ ಬದಲಾಯಿಸಬಾರದೇಕೆ ಎಂದು ನೀವು ಕೇಳಬಹುದು. ಅದು ಸಾಧ್ಯವಿಲ್ಲ. ಏಕೆ ಸಾಧ್ಯವಿಲ್ಲ ಎಂಬುದಕ್ಕೆ ಉತ್ತರ, ಗಾಳಿ ತುಂಬಿದ ಟೈರಿನ ಇತಿಹಾಸದಲ್ಲಿದೆ.

ಗಾಳಿಯ ಮೇಲೆ ಸವಾರಿ

ಗಾಳಿ ತುಂಬಿದ ಟೈರಿನ ಕಲ್ಪನೆ ಮೋಟಾರು ಕಾರಿಗಿಂತಲೂ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆಗ ಅವನ ವಯಸ್ಸು 23. ಕುದುರೆ ಗಾಡಿಗಳ ಆ ಕಾಲದಲ್ಲಿ ಅದು ಮೂಲೆಗುಂಪಾಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿ ಸೈಕಲ್ ಹಗುರವಾಗಿ ಓಡಲೆಂದು ಮಾಡಿದ ಪ್ರಯೋಗದ ಆಧಾರದ ಮೇಲೆ ಅದೇ ಕಲ್ಪನೆಗೆ ಮತ್ತೊಮ್ಮೆ ಪೇಟೆಂಟ್ ಪಡೆದ. ಥಾಮ್ಸನ್‌ನ ಹಳೆಯ ಪೇಟೆಂಟ್ ಬೆಳಕಿಗೆ ಬಂದ ಮೇಲೆ ಅವನದು ಅನೂರ್ಜಿತವಾಯಿತು. ಆದರೆ ಸೈಕಲ್ಲಿನ ಭರಾಟೆಯಲ್ಲಿ ಗಾಳಿ ಟೈರು ಗೆದ್ದಿತ್ತು.

ಫ್ರಾನ್ಸಿನ ಮಿಶೆಲಿನ್ ಸೋದರರು 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಗಾಳಿ ಟೈರಿನ ಕಾರನ್ನು ಓಡಿಸಿದರು. ಮತ್ತೆ ಮತ್ತೆ ಪಂಕ್ಚರ್ ಆಗಿ ಅವರು ಬಹಳ ಹಿಂದೆ ಬಿದ್ದರು. ಆದರೂ ಕಾರಿಗೆ ಇಂಥ ಟೈರು ಒಗ್ಗುತ್ತದೆ ಎಂಬುದು ಸಾಬೀತಾಯಿತು. ಅದೇ ದಶಕದಲ್ಲಿ ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್, ಸ್ಪ್ರಿಂಗ್ ಇರುವ ಪುಟ್ಟ ಕವಾಟವೊಂದನ್ನು ರೂಪಿಸಿದ. ಗಾಳಿಯನ್ನು ಒಳಗೆ ಬಿಟ್ಟುಕೊಂಡು ಹೊರಗೆ ಹೋಗದಂತೆ ತಡೆಯುವ ಕವಾಟವದು. ಇಂದಿಗೂ ನಿಮ್ಮ ಮನೆಯ ಸ್ಕೂಟರಿನಲ್ಲೂ ಕಾರಿನಲ್ಲೂ ಇರುವ 'ವಾಲ್‌ಟ್ಯೂಬು' ಅದರ ಸಂತತಿಯೇ.

ಈ ಕಾಲದ ಇನ್ನೊಂದು ಪದ ನಮ್ಮ ಮಾತಿನಲ್ಲಿ ಉಳಿದಿದೆ. 1904ರಲ್ಲಿ ವೇಲ್ಸ್ ದೇಶದ ಲಾನೆತ್ಲಿ ಊರಿನ ಡೇವಿಸ್ ಸೋದರರು ಕಾರಿಗೆ ಹೆಚ್ಚುವರಿ ಗಾಲಿಯನ್ನು ತಯಾರಿಸಿ ಮಾರತೊಡಗಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರೇ ಗಾಲಿಗೂ ಬಂತು. ಇಂದು ಇಂಗ್ಲೆಂಡಿನಲ್ಲಿ ಬಹುಮಂದಿ ಮರೆತಿರುವ 'ಸ್ಟೆಪ್ನಿ'ಯನ್ನು ಕರ್ನಾಟಕದ ಪ್ರತಿಯೊಬ್ಬ ಚಾಲಕನೂ ಬಲ್ಲ. ಈ ಸ್ಟೆಪ್ನಿಗೂ ನಮ್ಮ ಸಂವೇದಕಕ್ಕೂ ನಂಟಿದೆ. ಅದನ್ನು ಮುಂದೆ ನೋಡೋಣ.

ಕಣ್ಣಿಗೆ ಕಾಣದ ಕೊರತೆ

ಪೆಟ್ರೋಲ್ ಬಂಕಿನಲ್ಲಿ 'ಮುಂದೆ 30, ಹಿಂದೆ 32' ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಅದು ಒಂದು ಚದರ ಅಂಗುಲದ ಮೇಲೆ ಬೀಳುವ ಒತ್ತಡ, ಪೌಂಡ್ ಲೆಕ್ಕದಲ್ಲಿ, ಚಿಕ್ಕದಾಗಿ ಪಿಎಸ್‌ಐ. ಒಂದು ಪಿಎಸ್‌ಐ ಎಂದರೆ ಸುಮಾರು 6.9 ಕಿಲೋಪಾಸ್ಕಲ್. ಪಂಕ್ಚರ್ ಆಗದಿದ್ದರೂ ಟೈರಿನ ಗಾಳಿ ರಬ್ಬರಿನ ಮೂಲಕ ನಿಧಾನವಾಗಿ ಸೋರುತ್ತಲೇ ಇರುತ್ತದೆ. ತಿಂಗಳಿಗೆ ಒಂದು ಪಿಎಸ್‌ಐ ಇಳಿಯುವುದು ಸಾಮಾನ್ಯ.

ಗಾಳಿ ಕಡಿಮೆಯಾದ ಟೈರು ಒಂದೊಂದು ಸುತ್ತಿಗೂ ಹೆಚ್ಚು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಬಾಗಿಸಲು ವ್ಯಯವಾದ ಶಕ್ತಿಯನ್ನೆಲ್ಲ ರಬ್ಬರು ಹಿಂತಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗುತ್ತದೆ. ರಬ್ಬರ್ ಬ್ಯಾಂಡೊಂದನ್ನು ಹತ್ತಾರು ಸಲ ಬೇಗ ಬೇಗ ಎಳೆದು ಬಿಟ್ಟು, ತುಟಿಗೆ ತಾಗಿಸಿ ನೋಡಿ, ಈ ಶಾಖ ನಿಮಗೇ ತಿಳಿಯುತ್ತದೆ. ಹೆದ್ದಾರಿಯಲ್ಲಿ ಕಾರಿನ ಗಾಲಿ ಸೆಕೆಂಡಿಗೆ ಹದಿನಾಲ್ಕು ಸುತ್ತು ಸುತ್ತುತ್ತದೆ. ಬೇಸಗೆ, ತುಂಬಿದ ಹೊರೆ, ಅತಿವೇಗ ಇವೆಲ್ಲ ಸೇರಿದರೆ ಶಾಖ ಏರಿ ಟೈರಿನ ಪದರಗಳು ಬಿಟ್ಟುಕೊಳ್ಳಬಹುದು.

ತೊಂದರೆಯೆಂದರೆ ಇದು ಕಣ್ಣಿಗೆ ಕಾಣದು. ಇಂದಿನ ರೇಡಿಯಲ್ ಟೈರುಗಳ ಪಕ್ಕಗಳು ಗಾಳಿ ಸರಿಯಾಗಿದ್ದಾಗಲೂ ಕೊಂಚ ಉಬ್ಬಿಕೊಂಡಿರುತ್ತವೆ. ಕಾಲು ಭಾಗ ಒತ್ತಡ ಇಳಿದಿದ್ದರೂ ನೋಡಿದಾಕ್ಷಣ ಗುರುತಿಸುವುದು ಅನುಭವಿಗಳಿಗೂ ಕಷ್ಟ. 2001ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ನಡೆಸಿದ ಸಮೀಕ್ಷೆಯಲ್ಲಿ, ನಾಲ್ಕರಲ್ಲೊಂದು ಪಾಲಿಗಿಂತ ಕೊಂಚ ಹೆಚ್ಚು ಕಾರುಗಳಲ್ಲಿ ಕನಿಷ್ಠ ಒಂದು ಟೈರಿನಲ್ಲಾದರೂ ಒತ್ತಡ ಇರಬೇಕಾದುದಕ್ಕಿಂತ ಕಾಲು ಭಾಗ ಅಥವಾ ಇನ್ನೂ ಹೆಚ್ಚು ಕಡಿಮೆ ಇತ್ತು.

ಗಾಲಿಯೊಳಗೆ ಕಾವಲು

ಹಾಗಾದರೆ ಒತ್ತಡ ಮಾಪಕವನ್ನು ಗಾಲಿಯೊಳಗೇ ಇಡಬಾರದೇಕೆ? ಇದಕ್ಕೆ ಮೊದಲು ಬೇಕಾದುದು ಪುಟ್ಟ ಮಾಪಕ. 1954ರಲ್ಲಿ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್, ಸಿಲಿಕಾನ್ ಮತ್ತು ಜರ್ಮೇನಿಯಂಗಳನ್ನು ಒತ್ತಿದರೆ ಅಥವಾ ಎಳೆದರೆ ಅವುಗಳ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುವುದನ್ನು ವರದಿ ಮಾಡಿದ. ಸಿಲಿಕಾನಿನ ತೆಳುಪೊರೆಯೊಂದನ್ನು ಗಾಳಿಯ ಒತ್ತಡಕ್ಕೆ ಒಡ್ಡಿದರೆ ಅದು ಬಾಗುತ್ತದೆ. ಬಾಗಿದಾಗ ಅದರ ಮೇಲಿನ ರೋಧಕಗಳ ಬೆಲೆ ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಳತೆ. ಚಿಪ್ ತಯಾರಿಕೆಯ ತಂತ್ರಗಳು ಬೆಳೆದಂತೆ ಇಂಥ ಮಾಪಕ ಅಕ್ಕಿಕಾಳಿನ ಗಾತ್ರಕ್ಕೆ ಇಳಿಯಿತು.

1986ರಲ್ಲಿ ಬಂದ ಪೋರ್ಷೆ 959 ಎಂಬ ಕ್ರೀಡಾ ಕಾರು ಟೈರಿನ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ ಹೊಂದಿದ್ದ ಮೊದಲ ಪ್ರಯಾಣಿಕ ಕಾರೆಂದು ಹೆಸರಾಗಿದೆ. ಅಂಥ ಕಾರುಗಳು ತಯಾರಾದದ್ದು ಕೆಲವೇ ನೂರು.

ನಮ್ಮ ವಿಷಯಕ್ಕೆ ಹತ್ತಿರವಾದುದು 1996ರ ಜನರಲ್ ಮೋಟಾರ್ಸ್ ಇವಿ1. ಆ ವಿದ್ಯುತ್ ಕಾರಿನ ವಿನ್ಯಾಸಕರಿಗೆ ಪ್ರತಿಯೊಂದು ವಾಟ್ ಕೂಡ ಅಮೂಲ್ಯವಾಗಿತ್ತು. ಉರುಳುವಾಗ ಕಡಿಮೆ ಶಕ್ತಿ ನುಂಗುವ ವಿಶೇಷ ಟೈರುಗಳನ್ನು ಅದಕ್ಕೆ ಹಾಕಿ, 50 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬುತ್ತಿದ್ದರು. ತೂಕ ಉಳಿಸಲೆಂದು ಸ್ಟೆಪ್ನಿಯನ್ನೇ ಕೈಬಿಟ್ಟರು. ಅದರ ಬದಲು ಸಣ್ಣ ತೂತುಗಳನ್ನು ತಾವೇ ಮುಚ್ಚಿಕೊಳ್ಳುವ ಟೈರು ಮತ್ತು ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ಕೊಟ್ಟರು. ಬಾಡಿಗೆಯ ಕರಾರಿನ ಮೇಲೆ ಮಾತ್ರ ಕೊಟ್ಟಿದ್ದ ಆ ಕಾರುಗಳನ್ನು ಕಂಪನಿಯೇ 2000ದ ದಶಕದ ಮೊದಲ ವರ್ಷಗಳಲ್ಲಿ ಹಿಂದಕ್ಕೆ ಪಡೆದು ಬಹುಪಾಲನ್ನು ನಾಶಮಾಡಿತು. ಹೀಗಾಗಿ ಅವುಗಳ ಸಂವೇದಕಗಳಿಗೆ ಮುಪ್ಪು ಬರುವ ಪ್ರಮೇಯವೇ ಒದಗಲಿಲ್ಲ. ಆ ಸಮಸ್ಯೆ ಮುಂದಿನ ತಲೆಮಾರಿನ ವಿದ್ಯುತ್ ಕಾರುಗಳಿಗೆ ಕಾದಿತ್ತು.

ಸಾವುಗಳು ತಂದ ಕಾನೂನು

ದುಬಾರಿ ಕಾರುಗಳ ಅಲಂಕಾರವಾಗಿದ್ದ ಈ ಸಂವೇದಕ ಎಲ್ಲ ಕಾರುಗಳಿಗೂ ಬರಲು ಒಂದು ದುರಂತ ಕಾರಣವಾಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳು ಓಡುತ್ತಿರುವಾಗಲೇ ಪದರ ಕಿತ್ತುಬಂದು ವಾಹನಗಳು ಪಲ್ಟಿಯಾಗತೊಡಗಿದವು. ಬಿಸಿಲು ಹೆಚ್ಚಾಗಿರುವ ದಕ್ಷಿಣದ ರಾಜ್ಯಗಳಲ್ಲಿ ಇಂಥ ಅಪಘಾತಗಳು ಹೆಚ್ಚಿದ್ದವು. 2000ದ ಆಗಸ್ಟ್ 9ರಂದು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯುವ ಪ್ರಕಟಣೆ ಹೊರಬಿತ್ತು. ಈ ಟೈರುಗಳಿಗೆ ಸಂಬಂಧಿಸಿದಂತೆ 270ಕ್ಕೂ ಹೆಚ್ಚು ಸಾವುಗಳು ದಾಖಲಾದವು. ಟೈರಿನ ವಿನ್ಯಾಸ, ತಯಾರಿಕೆ, ವಾಹನದ ಸಮತೋಲ ಎಲ್ಲವೂ ವಿಚಾರಣೆಗೆ ಬಂದವು. ವಾಹನ ಕಂಪನಿ ಸೂಚಿಸಿದ್ದ ಒತ್ತಡ 26 ಪಿಎಸ್‌ಐ, ಟೈರು ಕಂಪನಿ ಹೇಳಿದ್ದು 30 ಪಿಎಸ್‌ಐ ಎಂಬುದೂ ದೊಡ್ಡ ವಿವಾದವಾಯಿತು. 26ರಿಂದ ಆರಂಭಿಸಿದ ಟೈರಿನಲ್ಲಿ ಇನ್ನಷ್ಟು ಗಾಳಿ ಸೋರಿದರೆ ಉಳಿಯುವ ಅಂತರ ಎಷ್ಟು ಎಂದು ನೀವೇ ಯೋಚಿಸಿ.

2000ದ ನವೆಂಬರ್ 1ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ 'ಟ್ರೆಡ್' ಕಾಯಿದೆ, ಗಾಳಿ ಬಹಳ ಕಡಿಮೆಯಾದರೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆಯನ್ನು ಹೊಸ ವಾಹನಗಳಲ್ಲಿ ಕಡ್ಡಾಯಗೊಳಿಸಬೇಕೆಂದು ಹೇಳಿತು. ಆದರೆ ಯಾವ ಬಗೆಯ ವ್ಯವಸ್ಥೆ?

ಎರಡು ದಾರಿಗಳಿದ್ದವು. ಮೊದಲನೆಯದು ಪರೋಕ್ಷ ವಿಧಾನ. ಗಾಳಿ ಇಳಿದ ಗಾಲಿಯ ತ್ರಿಜ್ಯ ಕೊಂಚ ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ತುಸು ವೇಗವಾಗಿ ಸುತ್ತುತ್ತದೆ. ಬ್ರೇಕ್ ವ್ಯವಸ್ಥೆಗಾಗಿ ಮೊದಲೇ ಇರುವ ವೇಗ ಸಂವೇದಕಗಳಿಂದ ಇದನ್ನು ಪತ್ತೆ ಮಾಡಬಹುದು. ಖರ್ಚು ಕಡಿಮೆ, ಗಾಲಿಯೊಳಗೆ ಏನೂ ಬೇಡ. ಆದರೆ ನಾಲ್ಕೂ ಟೈರುಗಳಲ್ಲಿ ಗಾಳಿ ಸಮನಾಗಿ ಇಳಿದರೆ ಹೋಲಿಕೆಗೇ ಅವಕಾಶವಿಲ್ಲ. ಎರಡನೆಯದು ನೇರ ವಿಧಾನ. ಪ್ರತಿ ಗಾಲಿಯಲ್ಲೂ ಒಂದು ಒತ್ತಡ ಸಂವೇದಕ.

2002ರ ನಿಯಮ, ಒಂದೇ ಟೈರಿನ ಕೊರತೆಯನ್ನು ಪತ್ತೆ ಹಚ್ಚುವ ವ್ಯವಸ್ಥೆಯೂ ಸಾಕು ಎಂದು ಆಯ್ಕೆ ಕೊಟ್ಟಿತ್ತು. ಗ್ರಾಹಕ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. 2005ರ ಏಪ್ರಿಲಿನಲ್ಲಿ ಬಂದ ಹೊಸ ನಿಯಮದಂತೆ, ನಾಲ್ಕರಲ್ಲಿ ಯಾವುದೇ ಒಂದು ಟೈರಿನಲ್ಲಾಗಲಿ ಎಲ್ಲದರಲ್ಲೂ ಆಗಲಿ ಒತ್ತಡ ಕಾಲು ಭಾಗ ಇಳಿದರೆ 20 ನಿಮಿಷಗಳೊಳಗೆ ದೀಪ ಹೊತ್ತಬೇಕು. ವ್ಯವಸ್ಥೆಯೇ ಕೆಟ್ಟರೆ ದೀಪ 60ರಿಂದ 90 ಸೆಕೆಂಡು ಮಿಟುಕಿ ಆಮೇಲೆ ಉರಿಯುತ್ತಿರಬೇಕು. 2007ರ ಸೆಪ್ಟೆಂಬರಿನಿಂದ ಇದು ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು.

ಪ್ರಯೋಜನವಾಯಿತೇ? ನೇರ ಸಂವೇದಕವಿರುವ ಕಾರುಗಳಲ್ಲಿ ಟೈರು ತೀವ್ರವಾಗಿ ಗಾಳಿ ಕಳೆದುಕೊಂಡಿರುವ ಸಂಭವ ಸುಮಾರು 56 ಶೇಕಡಾ ಕಡಿಮೆಯಾಗಿದೆ ಎಂದು ಹೆದ್ದಾರಿ ಸುರಕ್ಷತಾ ಆಡಳಿತ 2012ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ಪ್ರಯೋಜನ ದೊಡ್ಡದೇ. ಆದರೆ ಅದು ಉಳಿಯಬೇಕಾದರೆ ಸಂವೇದಕ ಜೀವಂತವಾಗಿರಬೇಕಲ್ಲ?

ಹತ್ತು ವರ್ಷದ ಬುತ್ತಿ

ಈಗ ಸಂವೇದಕದ ಬದುಕನ್ನು ಒಂದಿಷ್ಟು ಲೆಕ್ಕದ ಮೂಲಕ ನೋಡೋಣ. ಸುತ್ತುವ ಗಾಲಿಗೆ ತಂತಿ ಎಳೆಯುವುದು ಕಷ್ಟ. ಆದ್ದರಿಂದ ಸುದ್ದಿ ರೇಡಿಯೋ ತರಂಗದಲ್ಲೇ ಹೋಗಬೇಕು. ಅಮೆರಿಕದಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್, ಯೂರೋಪಿನಲ್ಲಿ 433.92 ಮೆಗಾಹರ್ಟ್ಸ್. ತಂತಿ ಇಲ್ಲವೆಂದರೆ ವಿದ್ಯುತ್ತೂ ಹೊರಗಿನಿಂದ ಬಾರದು. ಹೀಗಾಗಿ ಸಂವೇದಕ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಒಳಗೆ ಹೋಗಬೇಕು.

ಆ ಬುತ್ತಿ ಒಂದು ಲಿಥಿಯಂ ಸೆಲ್. ಅದರ ಸಾಮರ್ಥ್ಯ 220 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಹತ್ತು ವರ್ಷಗಳಲ್ಲಿ 87,600 ಗಂಟೆಗಳಿವೆ. 220ನ್ನು 87,600ರಿಂದ ಭಾಗಿಸಿದರೆ ಸರಾಸರಿ 2.5 ಮೈಕ್ರೋಆಂಪಿಯರ್ ಪ್ರವಾಹವಷ್ಟೇ ದೊರೆಯುತ್ತದೆ! 10 ಮಿಲಿಆಂಪಿಯರ್ ಬಳಸುವ ಸಾಧಾರಣ ಎಲ್‌ಇಡಿ ದೀಪವೊಂದನ್ನು ಉರಿಸಿದರೆ ಇದೇ ಸೆಲ್ 22 ಗಂಟೆಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ಸಂವೇದಕ ಬಹುಪಾಲು ಸಮಯ ನಿದ್ದೆಯಲ್ಲಿರುತ್ತದೆ. ಗಾಲಿ ಸುತ್ತತೊಡಗಿದ್ದನ್ನು ಅದರೊಳಗಿನ ವೇಗೋತ್ಕರ್ಷ ಮಾಪಕ ಗುರುತಿಸಿ ಎಚ್ಚರಿಸಿದ ಮೇಲೆ, ನಿಮಿಷಕ್ಕೊಮ್ಮೆಯೋ ಎಂಬಂತೆ ಒತ್ತಡ ಮತ್ತು ಉಷ್ಣತೆಯನ್ನು ಅಳೆದು ಕ್ಷಣಮಾತ್ರ ಪ್ರಸಾರ ಮಾಡಿ ಮತ್ತೆ ನಿದ್ರಿಸುತ್ತದೆ.

ಇನ್ನು ಅದು ಕುಳಿತಿರುವ ಜಾಗ ನೋಡಿ. ಮೊದಲ ಲೀಫ್‌ಗಳ ಗಾಲಿಯ ಹೊರ ತ್ರಿಜ್ಯ ಸುಮಾರು 0.316 ಮೀಟರ್, ಸಂವೇದಕವಿರುವುದು ಅಕ್ಷದಿಂದ ಸುಮಾರು 0.2 ಮೀಟರ್ ದೂರದಲ್ಲಿ. ಗಂಟೆಗೆ 100 ಕಿಲೋಮೀಟರ್, ಅಂದರೆ ಸೆಕೆಂಡಿಗೆ 27.8 ಮೀಟರ್ ವೇಗದಲ್ಲಿ ಕೋನೀಯ ವೇಗ ಸೆಕೆಂಡಿಗೆ 88 ರೇಡಿಯನ್. ಇದರ ವರ್ಗವನ್ನು 0.2ರಿಂದ ಗುಣಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆ. ಅದು ಗುರುತ್ವ ವೇಗೋತ್ಕರ್ಷದ ಸುಮಾರು 158 ಪಟ್ಟು. 30 ಗ್ರಾಂ ತೂಕದ ಸಂವೇದಕ ಆಗ ಸುಮಾರು 4.7 ಕಿಲೋಗ್ರಾಂ ತೂಗುವಂತೆ ವರ್ತಿಸುತ್ತದೆ. ಜೊತೆಗೆ ಬ್ರೇಕಿನ ಶಾಖ, ತೇವ, ಹೊಂಡಗಳ ಹೊಡೆತ. ಇಂಥಲ್ಲಿ ತೆಗೆದು ಹಾಕಬಹುದಾದ ಸೆಲ್ ಮತ್ತು ಅದರ ಸ್ಪ್ರಿಂಗ್ ಸಂಪರ್ಕ ಬಾಳುವುದಿಲ್ಲ. ಅದಕ್ಕೇ ಸೆಲ್ಲನ್ನು ಬೆಸುಗೆ ಹಾಕಿ, ಎಲ್ಲವನ್ನೂ ರಾಳದಲ್ಲಿ ಮುಳುಗಿಸಿ ಮುಚ್ಚಿಬಿಡುತ್ತಾರೆ. ಸಂವೇದಕವನ್ನು ಕಾಪಾಡುವ ಈ ರಾಳವೇ ಅದರ ಆಯುಷ್ಯಕ್ಕೂ ಮಿತಿ ಹಾಕುತ್ತದೆ. ಸೆಲ್ ಮುಗಿದರೆ ಇಡೀ ಸಂವೇದಕವನ್ನೇ ಬದಲಾಯಿಸಬೇಕು. ಸಾಮಾನ್ಯವಾಗಿ ಅದಕ್ಕೆ ಏಳರಿಂದ ಹತ್ತು ವರ್ಷ ಹಿಡಿಯುತ್ತದೆ.

ವಿದ್ಯುತ್ ಕಾರಿಗೇಕೆ ಹೆಚ್ಚು ಮುಖ್ಯ?

ಪೆಟ್ರೋಲ್ ಕಾರಿನಲ್ಲಿ ಇಂಧನದ ಶಕ್ತಿಯ ಬಹುಪಾಲು ಎಂಜಿನಿನಲ್ಲೇ ಶಾಖವಾಗಿ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ಶಕ್ತಿಯ ಹೆಚ್ಚಿನ ಪಾಲು ಗಾಲಿಗೆ ತಲಪುತ್ತದೆ. ಆದ್ದರಿಂದ ಟೈರು ನುಂಗುವ ಶಕ್ತಿ ಒಟ್ಟು ವೆಚ್ಚದಲ್ಲಿ ಎದ್ದು ಕಾಣುತ್ತದೆ. ಮುಪ್ಪಾದ ಬ್ಯಾಟರಿಯ ಹಳೆಯ ಕಾರಿಗಂತೂ ಒಂದೊಂದು ಕಿಲೋಮೀಟರೂ ಮುಖ್ಯ. ಬ್ಯಾಟರಿಯ ಭಾರದಿಂದಾಗಿ ಟೈರುಗಳ ಮೇಲಿನ ಹೊರೆಯೂ ಹೆಚ್ಚು. ಇವಿ1ರ ಹಾಗೆಯೇ ಅಮೆರಿಕದ ಮೊದಲ ಲೀಫ್‌ಗಳಲ್ಲೂ ಸ್ಟೆಪ್ನಿ ಇರಲಿಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಸಂವೇದಕದ ಮುನ್ನೆಚ್ಚರಿಕೆಯೇ ನಡುದಾರಿಯಲ್ಲಿ ನಿಲ್ಲದಂತೆ ಕಾಯುವ ಮೊದಲ ರಕ್ಷಣೆ.

ಎಚ್ಚರಿಕೆ ನಿಜವೋ ಸುಳ್ಳೋ ಎಂದು ತಿಳಿಯಲು ಅನಿಲ ನಿಯಮಗಳು ಗೊತ್ತಿರಬೇಕು. ಲೀಫ್‌ನ ಟೈರಿಗೆ ನಿಗದಿಯಾದ ಒತ್ತಡ 36 ಪಿಎಸ್‌ಐ. ಇದು ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಅಳತೆ. ನಿರಪೇಕ್ಷ ಒತ್ತಡ ಬೇಕಾದರೆ 14.7 ಸೇರಿಸಿ, 50.7 ಆಗುತ್ತದೆ. 27 ಡಿಗ್ರಿ ಸೆಲ್ಸಿಯಸ್ (300 ಕೆಲ್ವಿನ್) ಇದ್ದಾಗ ತುಂಬಿದ ಟೈರು ಚಳಿಗಾಲದಲ್ಲಿ ಮೈನಸ್ 3 ಡಿಗ್ರಿಗೆ (270 ಕೆಲ್ವಿನ್) ಇಳಿದರೆ, ನಿರಪೇಕ್ಷ ಒತ್ತಡ ಹತ್ತನೇ ಒಂದು ಭಾಗ ಇಳಿದು 45.6 ಆಗುತ್ತದೆ. ಮಾಪಕದಲ್ಲಿ ಸುಮಾರು 31. ಒಂದಿಷ್ಟೂ ಗಾಳಿ ಸೋರದೆ 5 ಪಿಎಸ್‌ಐ ಇಳಿಯಿತು! ಎಚ್ಚರಿಕೆಯ ಮಿತಿ 27. ಮೂರು ನಾಲ್ಕು ತಿಂಗಳು ಗಾಳಿ ನೋಡದಿದ್ದವರ ಕಾರಿನಲ್ಲಿ ಮೊದಲ ಚಳಿಯ ಮುಂಜಾನೆಯೇ ದೀಪ ಹೊತ್ತುವುದು ಇದಕ್ಕಾಗಿ.

ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಶ್ನೆ ಕೇಳಬಹುದು. ಮಂಗಳೂರಿನಲ್ಲಿ 32 ಪಿಎಸ್‌ಐ ತುಂಬಿಸಿದ ಟೈರು, ಅದೇ ಉಷ್ಣತೆಯಲ್ಲಿ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಎಷ್ಟು ತೋರಿಸುತ್ತದೆ? ಅಲ್ಲಿ ವಾತಾವರಣದ ಒತ್ತಡ ಸುಮಾರು 1.5 ಪಿಎಸ್‌ಐ ಕಡಿಮೆ. ಹೀಗಾಗಿ ಕೈಮಾಪಕ 33.5 ತೋರಿಸುತ್ತದೆ. ಆದರೆ ಗಾಲಿಯೊಳಗೆ ಮುಚ್ಚಿಹೋಗಿ, ನಿರಪೇಕ್ಷ ಒತ್ತಡವನ್ನು ಅಳೆಯುವ ಸಂವೇದಕಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗದು. ಎರಡು ಮಾಪಕಗಳು ಬೇರೆ ಬೇರೆ ಉತ್ತರ ಕೊಟ್ಟರೂ ಎರಡೂ ಸರಿಯಾಗಿರಬಹುದು!

ಬದಲಾವಣೆ ಎಂದರೆ ಪರಿಚಯ ಮಾಡಿಸುವುದು

ಮುಪ್ಪಾದ ಸಂವೇದಕ ಒಮ್ಮೆಲೇ ಸಾಯುವುದು ಕಡಿಮೆ. ಚಳಿಯಲ್ಲಿ ಸೆಲ್ಲಿನ ಆಂತರಿಕ ರೋಧ ಏರಿ, ಪ್ರಸಾರದ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಮೊದಮೊದಲು ಮುಂಜಾನೆ ಮಿಟುಕುವ ದೀಪ ಮಧ್ಯಾಹ್ನ ಸರಿಹೋಗುತ್ತದೆ. ಖಚಿತಪಡಿಸಿಕೊಳ್ಳಲು ಕೈಯಲ್ಲಿ ಹಿಡಿಯುವ ಉಪಕರಣವಿದೆ. ಅದು 125 ಕಿಲೋಹರ್ಟ್ಸ್ ಸಂಕೇತದಿಂದ ಸಂವೇದಕವನ್ನು ಎಬ್ಬಿಸುತ್ತದೆ. ಉತ್ತರ ಬಾರದಿದ್ದರೆ ಸಂವೇದಕದ ಕಥೆ ಮುಗಿಯಿತೆಂದು ತಿಳಿಯಬೇಕು. ನಾಲ್ಕೂ ಒಂದೇ ದಿನ ಹುಟ್ಟಿದವು. ಒಂದು ಹೋದರೆ ಉಳಿದವೂ ಹಿಂದೆಯೇ ಹೋಗುತ್ತವೆ. ಹಾಗಾಗಿ ಹೊಸ ಟೈರು ಹಾಕಿಸುವಾಗಲೇ ನಾಲ್ಕನ್ನೂ ಬದಲಾಯಿಸುವುದು ಜಾಣತನ. ಟೈರು ಕಳಚುವ ಕೆಲಸ ಎರಡು ಬಾರಿ ಆಗುವುದಿಲ್ಲ.

ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸುವಾಗ ಯಂತ್ರದ ಒತ್ತು ವಾಲ್ವಿನ ಬಳಿ ಬೀಳಬಾರದು, ಸಂವೇದಕ ಅಲ್ಲೇ ಕುಳಿತಿರುತ್ತದೆ. ಅಲ್ಯೂಮಿನಿಯಂ ವಾಲ್ವಿನೊಳಗೆ ಮಾಮೂಲಿ ಹಿತ್ತಾಳೆಯ ಪಿನ್ನು ಹಾಕಬಾರದು. ಎರಡು ಲೋಹ ಮತ್ತು ತೇವ ಸೇರಿದರೆ ಅಲ್ಲೊಂದು ವಿದ್ಯುತ್ಕೋಶವೇ ಆಗಿ ಅಲ್ಯೂಮಿನಿಯಂ ಸವೆಯುತ್ತದೆ, ಪಿನ್ನು ಕಚ್ಚಿಕೊಳ್ಳುತ್ತದೆ. ಅದಕ್ಕೆ ನಿಕಲ್ ಲೇಪಿಸಿದ ಪಿನ್ನೇ ಬೇಕು. ಸ್ಟೆಪ್ನಿ ಇಲ್ಲದ ಕಾರುಗಳೊಡನೆ ಬರುವ ದುರಸ್ತಿ ಕಿಟ್ಟಿನ ಅಂಟುದ್ರವ ಪಂಕ್ಚರನ್ನು ಮುಚ್ಚುವುದರ ಜೊತೆಗೆ ಸಂವೇದಕದ ಸೂಕ್ಷ್ಮ ರಂಧ್ರವನ್ನೂ ಮುಚ್ಚಿಬಿಡಬಹುದು ಎಂಬುದನ್ನೂ ಮರೆಯಬಾರದು.

ಜೋಡಿಸಿದ ಮಾತ್ರಕ್ಕೆ ದೀಪ ಆರುವುದಿಲ್ಲ. ಪ್ರತಿ ಸಂವೇದಕಕ್ಕೂ ತನ್ನದೇ ಗುರುತಿನ ಸಂಖ್ಯೆಯಿದೆ, ಸಾಮಾನ್ಯವಾಗಿ 32 ಬಿಟ್‌ಗಳದ್ದು. ಅಂದರೆ ಸುಮಾರು 429 ಕೋಟಿ ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಪಕ್ಕದಲ್ಲಿ ಹೋಗುವ ಕಾರಿನ ಸುದ್ದಿಯನ್ನು ನಿಮ್ಮ ಕಾರು ತನ್ನದೆಂದು ತಿಳಿಯದಿರಲು ಇದು ಬೇಕೇ ಬೇಕು. ಹೊಸ ಸಂವೇದಕ ಬಂದಾಗ ಅದರ ಸಂಖ್ಯೆಯನ್ನು ಕಾರಿನ ಗಣಕಕ್ಕೆ ಪರಿಚಯಿಸಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಮೊದಲ ಲೀಫ್‌ಗಳು ಹಾಗಲ್ಲ. ಪರೀಕ್ಷಾ ಸಾಕೆಟ್ಟಿನ ಮೂಲಕ ಸಂಖ್ಯೆಯನ್ನು ಬರೆಯಬೇಕು. ಬಹುಕಾಲ ಇದು ಅಧಿಕೃತ ಸೇವಾ ಕೇಂದ್ರಗಳಲ್ಲಿದ್ದ ಉಪಕರಣಕ್ಕಷ್ಟೇ ಸಾಧ್ಯವೆನಿಸಿತ್ತು. ಕ್ರಮೇಣ ಹೊರಗಿನವರು ಕಾರಿನ ಒಳಭಾಷೆಯನ್ನು ಬಿಡಿಸಿಕೊಂಡರು. ಲೀಫ್ ಸ್ಪೈ ಎಂಬ ಮೊಬೈಲ್ ತಂತ್ರಾಂಶದಿಂದ ಮಾಲೀಕರೇ ಈ ಸಂಖ್ಯೆಗಳನ್ನು ಬರೆಯುವಂತಾಯಿತು. ಹಳೆಯ ಸಂಖ್ಯೆಯನ್ನೇ ನಕಲು ಮಾಡಿಕೊಳ್ಳುವ ಸಂವೇದಕಗಳೂ ಬಂದವು. ಬದಲಾವಣೆ ಆದದ್ದೇ ಕಾರಿಗೆ ತಿಳಿಯುವುದಿಲ್ಲ!

ಈ ನಕಲು ಸಾಧ್ಯವಾದದ್ದು ಸಂದೇಶಕ್ಕೆ ಗೋಪ್ಯ ಲಿಪಿಯಿಲ್ಲದ ಕಾರಣ. ಅದಕ್ಕೆ ಇನ್ನೊಂದು ಮುಖವೂ ಉಂಟು. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 40 ಮೀಟರ್ ದೂರದಿಂದ ಈ ಸಂದೇಶಗಳನ್ನು ಕದ್ದು ಕೇಳಬಹುದು, ಸುಳ್ಳು ಸಂದೇಶ ಕಳಿಸಿ ದೀಪ ಹೊತ್ತಿಸಬಹುದು ಎಂದು ತೋರಿಸಿದರು. ಮಾಲೀಕನಿಗೆ ದುರಸ್ತಿಯನ್ನು ಸುಲಭ ಮಾಡಿದ ಬಾಗಿಲೇ ಕಿಡಿಗೇಡಿಗೂ ತೆರೆದಿತ್ತು. ಬೀಗ ಹಾಕಿದರೆ ದುರಸ್ತಿ ಕಷ್ಟ, ತೆರೆದಿಟ್ಟರೆ ಗೋಪ್ಯತೆ ಕಷ್ಟ. ಇದಕ್ಕೆ ಸರಳ ಪರಿಹಾರವಿಲ್ಲ. 2020ರ ಬಳಿಕ ಟೆಸ್ಲಾ ಕಾರುಗಳು ಬ್ಲೂಟೂತ್ ಸಂವೇದಕಗಳಿಗೆ ಬದಲಾದವು. ಆದರೆ ಅವುಗಳೊಳಗೂ ಇರುವುದು ಒಂದು ಸೆಲ್ಲೇ.

ನಮಗೂ ಬರಲಿರುವ ದಿನ

ಇದು ದೂರದ ದೇಶದ ಕಥೆ ಎಂದುಕೊಳ್ಳಬೇಡಿ. 2020ರ ಜುಲೈನಲ್ಲಿ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಕಾರಿನಲ್ಲಿ ಟ್ಯೂಬ್‌ರಹಿತ ಟೈರು, ದುರಸ್ತಿ ಕಿಟ್ ಮತ್ತು ಒತ್ತಡದ ಮೇಲೆ ನಿಗಾ ಇಡುವ ವ್ಯವಸ್ಥೆ ಈ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಉಳಿದ ಜಾಗದಲ್ಲಿ ವಿದ್ಯುತ್ ಕಾರುಗಳಿಗೆ ದೊಡ್ಡ ಬ್ಯಾಟರಿ ಇಡಬಹುದೆಂಬುದೂ ಇದರ ಹಿಂದಿನ ಆಲೋಚನೆ. ಅಂದರೆ ಆ ದಿನದಿಂದ ಇಲ್ಲೂ ಸ್ಟೆಪ್ನಿಯ ಜವಾಬ್ದಾರಿಯ ಒಂದು ಪಾಲು ಸಂವೇದಕದ ಹೆಗಲೇರಿತು. ಸ್ಟೆಪ್ನಿ ಹತ್ತು ವರ್ಷ ಡಿಕ್ಕಿಯಲ್ಲಿ ಬಿದ್ದಿದ್ದರೂ ಗಾಳಿ ಹೊಡೆದರೆ ಒಂದು ಗ್ಯಾರೇಜಿನವರೆಗಾದರೂ ಸಾಗಿಸೀತು. ಹತ್ತು ವರ್ಷದ ಸಂವೇದಕ ಹಾಗಲ್ಲ. ಈ ನಿಯಮದ ನೆರವಿನಿಂದ ಸ್ಟೆಪ್ನಿ ಇಲ್ಲದೆ ರಸ್ತೆಗಿಳಿದ ಕಾರುಗಳು 2030ರ ಹೊತ್ತಿಗೆ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿರುತ್ತವೆ. ಅವರ ಊರಿನ ಪಂಕ್ಚರ್ ಅಂಗಡಿಯಲ್ಲಿ ಆ ಸಂವೇದಕವೂ ಅದನ್ನು ಪರಿಚಯಿಸುವ ಉಪಕರಣವೂ ಸಿಗಬೇಕು.

ಸುರಕ್ಷತೆಯ ಸಾಧನವೊಂದನ್ನು ಕಡ್ಡಾಯ ಮಾಡುವಾಗ ಅದು ಹೊಸದಿದ್ದಾಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಹತ್ತನೆಯ ವರ್ಷದಲ್ಲಿ ಅದನ್ನು ಬದಲಾಯಿಸುವವರು ಯಾರು, ಯಾವ ಉಪಕರಣದಿಂದ, ಎಷ್ಟು ಖರ್ಚಿನಲ್ಲಿ ಎಂಬುದೂ ಅಷ್ಟೇ ತಾಂತ್ರಿಕವಾದ ಪ್ರಶ್ನೆ. ನಾಳೆ ಎಂಜಿನಿಯರುಗಳಾಗುವ ವಿದ್ಯಾರ್ಥಿಗಳು ತರಗತಿಯಲ್ಲೇ ಇದನ್ನು ಕೇಳಲು ಕಲಿಯಲಿ. ಸದ್ಯಕ್ಕೆ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾರಿನ ಆ ಹಳದಿ ದೀಪ ಮಿಟುಕುತ್ತಿದ್ದರೆ ಅದರ ಮೇಲೆ ಪಟ್ಟಿ ಅಂಟಿಸಲು ಬಿಡಬೇಡಿ. ಸಂವೇದಕ ಬದಲಾಗುವವರೆಗೆ ವಾರಕ್ಕೊಮ್ಮೆ, ಕಾರು ಓಡಿಸುವ ಮೊದಲು ಟೈರು ತಣ್ಣಗಿರುವಾಗ, ಕೈಮಾಪಕ ಹಿಡಿದು ನಾಲ್ಕೂ ಗಾಲಿಗಳ ಒತ್ತಡವನ್ನು ಅಳೆದು ಬರೆದಿಡಿ.